ಯಾವ ಹೆಂಗಸೂ ನೋಡದ ಕೊನೆಯ ರೀಲು

ನಮ್ಮೂರಿನ ಗಂಡಸರು ತುಂಬಾ ಮರ್ಯಾದಸ್ಥರು. ಈ ಮಾತನ್ನು ನಾನು ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದೇನೆ. ಅವರು ಎಷ್ಟೇ ಕುಡಿಯಲಿ, ಕಾಲು ತಪ್ಪುವುದಿಲ್ಲ, ನಾಲಗೆ ತೊದಲುವುದಿಲ್ಲ, ಉಟ್ಟ ಪಂಚೆಯ ನೆರಿಗೆ ಕೂಡ ಕದಲುವುದಿಲ್ಲ. ಗಂಡ ಅಂಗಡಿಯಲ್ಲಿ ಗ್ಲಾಸು ಎತ್ತಿದರೆ ಅದು ಏರುವುದು ಹೆಂಡತಿಗೆ. ಅವಳು ಆಗ ಒಲೆಯ ಮುಂದಿರಲಿ, ಬಾವಿಕಟ್ಟೆಯ ಮೇಲಿರಲಿ, ಏರಿಯೇ ಏರುತ್ತದೆ. ಬೆಳಿಗ್ಗೆ ಅವನು ಹಕ್ಕಿಯ ಹಾಗೆ ಏಳುತ್ತಾನೆ, ಇವಳು ತಲೆಗೆ ಬಟ್ಟೆ ಬಿಗಿದುಕೊಂಡು ಕಾಫಿ ಕಾಯಿಸುತ್ತಾಳೆ.

ಊರು ಇದಕ್ಕೆ ತಕ್ಕ ಹಾಗೆ ತನ್ನ ಪದ್ಧತಿಗಳನ್ನು ಮಾಡಿಕೊಂಡಿತ್ತು. ಮದುವೆಯಲ್ಲಿ ಸೋದರಮಾವ ಹೆಣ್ಣಿಗೆ ಒಂದು ಒರಗುದಿಂಬು ಕೊಡಲೇಬೇಕು. ಪ್ರತಿ ಮನೆಯ ನಡುಮನೆಯಲ್ಲೂ ಕೂತರೆ ಕೈಗೆಟಕುವ ಎತ್ತರದಲ್ಲಿ ಗೋಡೆಗೆ ಒಂದು ಕಬ್ಬಿಣದ ಹಿಡಿ ಇರುತ್ತದೆ. ಕುಡಿಯುವ ಮುಂಚೆ ಮನೆಗೆ ಹೇಳಿ ಕಳಿಸುವವನು ಒಳ್ಳೆಯ ಗಂಡ. ಹೇಳಿಕೆ ಬಂದ ಕೂಡಲೇ ಒಲೆ ಆರಿಸಿ, ಕೂಸನ್ನು ಯಾರಾದರೂ ಮದುವೆಯಾಗದ ಹುಡುಗಿಯ ಕೈಗೆ ಕೊಟ್ಟು, ಗೋಡೆಗೆ ಒರಗಿ ಕೂತುಬಿಡುವವಳು ಒಳ್ಳೆಯ ಹೆಂಡತಿ. ಯಾರಾದರೂ ಹೆಂಗಸು ಬಿದ್ದು ಮಂಡಿ ಒಡೆದುಕೊಂಡರೆ ಊರವರು ಗಂಡ ಎಷ್ಟು ಕುಡಿದ ಎಂದು ಕೇಳುತ್ತಿರಲಿಲ್ಲ. ಇವಳು ಯಾಕೆ ಕೂತಿರಲಿಲ್ಲ ಎಂದು ಕೇಳುತ್ತಿದ್ದರು.

ನನ್ನ ಹೆಸರು ಹಾಲಮ್ಮ. ಮೂರನೇ ಕ್ಲಾಸಿನ ಮಕ್ಕಳಿಗೆ ಹನ್ನೊಂದು ವರ್ಷ ಪಾಠ ಹೇಳಿದ್ದೇನೆ. ನನ್ನ ಗಂಡ ಕೊಟ್ರಪ್ಪನವರದು ಬೀಜದ ಅಂಗಡಿ. ಮಾತು ಮೆತ್ತಗೆ, ಬಾಯಲ್ಲಿ ಯಾವಾಗಲೂ ಒಂದು ಲವಂಗ. ಅವರು ಕುಡಿಯುತ್ತಿದ್ದುದು ಸಂಜೆ, ನಾನು ಶಾಲೆಗೆ ಹೋಗುತ್ತಿದ್ದುದು ಬೆಳಿಗ್ಗೆ, ಹೇಗೋ ನಡೆಯುತ್ತಿತ್ತು. ಕ್ರಮೇಣ ಅವರ ಸಂಜೆ ಮಧ್ಯಾಹ್ನಕ್ಕೆ ಬಂತು, ಮಧ್ಯಾಹ್ನ ಬೆಳಿಗ್ಗೆಗೆ ಬಂತು. ಒಂದು ಮಂಗಳವಾರ ಬೋರ್ಡಿನ ಮೇಲೆ ಕಳೆಯುವ ಲೆಕ್ಕ ಬರೆಯುತ್ತಿದ್ದವಳಿಗೆ ಇದ್ದಕ್ಕಿದ್ದಂತೆ ಗಂಟಲಲ್ಲಿ ಬ್ರಾಂದಿ ಸುಟ್ಟ ಹಾಗಾಯಿತು. ಸೀಮೆಸುಣ್ಣ ಬಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದವಳು ಏಳಲಿಲ್ಲ. ನಲವತ್ತು ಮಕ್ಕಳ ಮುಂದೆ ನೆಲದ ಮೇಲೆ ಕೂತು ನಾನು ಗಹಗಹಿಸಿ ನಕ್ಕೆನಂತೆ, ಆಮೇಲೆ ಅತ್ತೆನಂತೆ.

ಶಾಲಾ ಕಮಿಟಿ ಸೇರಿತು. ಐದು ಜನ ಗಂಡಸರು. ಅಧ್ಯಕ್ಷರು ಮರುಳಸಿದ್ದಯ್ಯನವರು. ಐದನೆಯವರು ನನ್ನ ಗಂಡ. ಹಾಲಮ್ಮನವರು ತರಗತಿಯಲ್ಲಿ ಅಸಭ್ಯವಾಗಿ ವರ್ತಿಸಿದ್ದರಿಂದ ಕೆಲಸದಿಂದ ತೆಗೆಯಲಾಗಿದೆ ಎಂದು ಬರೆದು ಐವರೂ ಸಹಿ ಹಾಕಿದರು. ಸಹಿ ಹಾಕುವಾಗ ಕೊಟ್ರಪ್ಪನವರ ಕೈ ಒಂದಿಷ್ಟೂ ನಡುಗಲಿಲ್ಲ. ಎದುರಿಗೆ ನಿಂತಿದ್ದ ನಾನು ಮೇಜು ಹಿಡಿದುಕೊಂಡಿದ್ದೆ, ಯಾಕೆಂದರೆ ಸಭೆಗೆ ಬರುವ ಮುಂಚೆ ಧೈರ್ಯಕ್ಕೆಂದು ಅವರು ಒಂದು ಗ್ಲಾಸು ಹಾಕಿಕೊಂಡೇ ಬಂದಿದ್ದರು.

"ನೀವೂ ಸಹಿ ಹಾಕಿದ್ರಲ್ರೀ" ಎಂದು ಮನೆಗೆ ಬಂದ ಮೇಲೆ ಕೇಳಿದೆ.

"ಹಾಕ್ದೆ ಇದ್ರೆ ಹೆಂಡ್ತಿ ಪರ ಮಾತಾಡ್ದ ಅಂತಿದ್ರು ಕಣೇ. ನ್ಯಾಯ ಅಂದ್ಮೇಲೆ ನ್ಯಾಯ" ಎಂದರು. ಆಮೇಲೆ ನನ್ನ ತಲೆಗೆ ತಣ್ಣೀರು ತಟ್ಟಿದರು, ನಿಂಬೆಹಣ್ಣು ಹಿಂಡಿ ಕುಡಿಸಿದರು, ನಾನು ಕಕ್ಕಿದ್ದನ್ನು ತಾವೇ ಬಳಿದು ಹಾಕಿದರು. ಪಕ್ಕದ ಮನೆಯ ಸರ್ವಮಂಗಳ ಕಿಟಕಿಯಲ್ಲಿ ಇದನ್ನು ನೋಡಿ, "ನಿಮ್ಮೆಜಮಾನ್ರಂಥೋರು ಸಿಗಬೇಕಾದ್ರೆ ಪುಣ್ಯ ಮಾಡಿರ್ಬೇಕು ಹಾಲಮ್ಮಕ್ಕ" ಎಂದಳು. ಅವಳು ಕುಹಕದಿಂದ ಹೇಳಲಿಲ್ಲ, ನಿಜವಾಗಿ ಹಾಗೇ ನಂಬಿದ್ದಳು. ನನ್ನ ಮೈಯೆಲ್ಲಾ ಉರಿದುಹೋಯಿತು.

ಮನೆಯಲ್ಲಿ ಕೂರಲಾರದೆ ನಾನು ಟಾಕೀಸಿನಲ್ಲಿ ಕೆಲಸ ಹಿಡಿದೆ. ತಗಡಿನ ಟಾಕೀಸು, ನಡುವೆ ಎದೆಯೆತ್ತರದ ಗೋಡೆ, ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು. ಹೆಂಗಸರ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುವುದು ನನ್ನ ಕೆಲಸ. ಆಟವಿದ್ದ ದಿನ ಕೊಟ್ರಪ್ಪನವರು ಇಂಟರ್‌ವಲ್ ತನಕ ಗ್ಲಾಸು ಮುಟ್ಟುತ್ತಿರಲಿಲ್ಲ. ಟಾಕೀಸಿನಲ್ಲಿ ಸಿನಿಮಾ ಓಡಿಸುವ ಮಹಬೂಬಣ್ಣ ಪರವೂರಿನವನು. ಬಂದ ಹೊಸದರಲ್ಲಿ ಇಂಟರ್‌ವಲ್ ಆದ ಮೇಲೆ ಹೆಂಗಸರ ಕಡೆ ಒಬ್ಬೊಬ್ಬರೇ ವಾಲುವುದನ್ನು ನೋಡಿ ಗಾಬರಿಯಾಗಿ ಮಿಷನ್ನೇ ನಿಲ್ಲಿಸಿದ್ದನಂತೆ. ಆಮೇಲೆ ವಿಷಯ ತಿಳಿದು, ಬಾಯಿ ಮುಚ್ಚಿಕೊಂಡು, ಹೆಂಗಸರ ಬೆಂಚುಗಳ ಮುಂದೆ ಹಿಡಿದುಕೊಳ್ಳಲು ಬಿದಿರಿನ ಅಡ್ಡಗಳನ್ನು ಕಟ್ಟಿಸಿದ. ಟಾಕೀಸಿನ ಗೋಡೆಗೇ ಅಂಟಿಕೊಂಡು ಬ್ರಾಂದಿ ಅಂಗಡಿ ಇತ್ತು. ಇಂಟರ್‌ವಲ್ ಬೆಲ್ ಹೊಡೆದರೆ ಗಂಡಸರು ಸಾಲಾಗಿ ಅಲ್ಲಿಗೆ ಹೋಗುತ್ತಿದ್ದರು. ಬೆಲ್ ಹೊಡೆದಿದ್ದೇ ಹೇಳಿ ಕಳಿಸಿದ ಲೆಕ್ಕ. ಹೆಂಗಸರು ಬಿದಿರು ಹಿಡಿದು ಕೂರುತ್ತಿದ್ದರು.

ಹೀಗಿರುವಾಗ ಆ ಸಿನಿಮಾ ಬಂತು. ಒಂದು ವಾರಕ್ಕೆ, ದಿನಾ ಮ್ಯಾಟಿನಿ. ಹಳೇ ಕಪ್ಪು ಬಿಳುಪು ಚಿತ್ರ, ಪೋಸ್ಟರಿನಲ್ಲಿ ಹೆಸರಿನ ಅರ್ಧ ಹರಿದುಹೋಗಿತ್ತು. ಕಥೆ ಒಬ್ಬ ಸ್ಟೇಷನ್ ಮಾಸ್ಟರದು. ಚೆಂದದ ಹೆಂಡತಿ, ರೈಲ್ವೆ ಕ್ವಾರ್ಟರ್ಸು, ಅಂಗಳದಲ್ಲಿ ದಾಸವಾಳ. ಮದುವೆ, ಹಾಡು, ನಗು ಎಲ್ಲ ಮುಗಿದ ಮೇಲೆ ಅವನು ಬಾಟಲಿ ತೆಗೆದ. ನಾವೆಲ್ಲ ಅಭ್ಯಾಸದಂತೆ ಅವನ ಹೆಂಡತಿಯ ಕಡೆ ನೋಡಿದೆವು. ಅವಳು ಕಿಟಕಿಯ ಹತ್ತಿರ ನೆಟ್ಟಗೆ ನಿಂತಿದ್ದಳು. ಅವನು ಮೂರು ಗ್ಲಾಸು ಕುಡಿದು, ಎದ್ದು, ತಾನೇ ತೂರಾಡಿ, ತಾನೇ ಮೆಟ್ಟಿಲಿನಿಂದ ಉರುಳಿ ಬಿದ್ದ.

ಗಂಡಸರ ಕಡೆ ಹೋ ಎಂದು ನಗು. "ಏನ್ ಸಿನಿಮಾನೋ ಮಾರಾಯ! ಕುಡಿದೋನೇ ಬೀಳ್ತಾನೆ!" "ತೆಗೆದೋನಿಗೆ ತಲೆ ಕೆಟ್ಟಿರ್ಬೇಕು!"

ಹೆಂಗಸರ ಕಡೆ ಒಂದು ಬಳೆಯ ಸದ್ದೂ ಇರಲಿಲ್ಲ. ನಾನು ಬಾಗಿಲಲ್ಲಿ ಹರಿದ ಟಿಕೆಟ್ಟುಗಳನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದೆ. ನನಗೆ ನಲವತ್ತಮೂರು ವರ್ಷ. ಇದು ಬಿಸಿಲು ಮಳೆಯ ಥರ ಎಲ್ಲೆಲ್ಲೂ ಹೀಗೇ ಇರುವುದು, ಹೆಣ್ಣಾದ ಮೇಲೆ ಅನುಭವಿಸುವುದು ಎಂದುಕೊಂಡಿದ್ದೆ. ನಮ್ಮಲ್ಲಿ ಹೆಣ್ಣು ಕೊಡುವುದೂ ತರುವುದೂ ಊರೊಳಗೇ, ಊರು ದಾಟಿ ಹೋಗಿ ಬಂದ ಹೆಂಗಸು ಒಬ್ಬಳೂ ಇರಲಿಲ್ಲ. ಎಲ್ಲೋ ಒಂದು ಕಡೆ ಕುಡಿದವನಿಗೇ ಏರುತ್ತದೆ, ಅವನ ವಾಂತಿ ಅವನ ಬಾಯಿಂದಲೇ ಬರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹನ್ನೊಂದು ವರ್ಷ ಪಾಠ ಹೇಳಿದ ನನಗೇ ಹೇಳಿರಲಿಲ್ಲ.

ತೆರೆಯ ಮೇಲಿನ ಹೆಂಡತಿ ಎಲ್ಲ ಸಹಿಸಿದಳು. ಕೊನೆಗೆ ಒಂದು ದಿನ ಟ್ರಂಕಿಗೆ ನಾಲ್ಕು ಸೀರೆ ತುಂಬಿದಳು. ಗಂಡ ಹೊಸ್ತಿಲಲ್ಲಿ ಬಿದ್ದಿದ್ದ. ಅವಳು ಅವನನ್ನು ದಾಟಿ ಅಂಗಳಕ್ಕೆ ಇಳಿದು ಗೇಟಿನ ತನಕ ನಡೆದಳು. ಆ ನಡಿಗೆ! ಒಂದು ಹೆಜ್ಜೆಯೂ ಓರೆಯಾಗಲಿಲ್ಲ. ಗೇಟಿನ ಅಗುಳಿಗೆ ಕೈ ಹಾಕಿದಳು. ತೆರೆಯ ಮೇಲೆ 'ವಿರಾಮ' ಎಂದು ಬಂತು. ಬೆಲ್ ಹೊಡೆಯಿತು. ಗಂಡಸರು ಎದ್ದರು.

ನಾನು ಬಿದಿರು ಹಿಡಿದುಕೊಂಡು, ಕಣ್ಣು ಅಗಲಿಸಿ ತೆರೆಯನ್ನೇ ನೋಡುತ್ತಾ ಕೂತೆ. ಕೊಟ್ರಪ್ಪನವರ ಮೊದಲ ಗ್ಲಾಸು ಬಂತು, ಎರಡನೆಯದು ಬಂತು. ಒಂದು ರೈಲಿನ ಹೊಗೆ, ಒಂದು ಕೊಡೆ, ಯಾರೋ ಅಳುವುದು. ಅಷ್ಟೇ ನನಗೆ ನೆನಪಿರುವುದು. ಎಚ್ಚರವಾದಾಗ ಮನೆಯಲ್ಲಿ ಒರಗುದಿಂಬಿನ ಮೇಲಿದ್ದೆ.

ಮರುದಿನ ನೀರಿನ ನಲ್ಲಿಯ ಹತ್ತಿರ ಸರ್ವಮಂಗಳನನ್ನು ಕೇಳಿದೆ. "ಕೊನೆಗೆ ಅವಳು ಏನಾದ್ಲು?"

"ನಂಗೇನ್ ಗೊತ್ತಕ್ಕ? ನಮ್ಮೋರು ಬೆಲ್ ಹೊಡೆಯೋಕ್ ಮುಂಚೇನೇ ಶುರು ಮಾಡಿದ್ರು. ರೈಲೇ ನೋಡ್ಲಿಲ್ಲ ನಾನು."

ನಲ್ಲಿಗೆ ಬಂದವರನ್ನೆಲ್ಲ ಕೇಳಿದೆವು. ಒಬ್ಬಳು ಕೊಡೆ ನೋಡಿದ್ದಳು, ಇನ್ನೊಬ್ಬಳು ಕೊಡೆ ಎರಡಿದ್ದವು ಎಂದಳು. ಊರಲ್ಲಿ ಕುಡಿಯದ ಗಂಡನೆಂದರೆ ಅರ್ಚಕರೊಬ್ಬರೇ, ಅವರ ಹೆಂಡತಿ ಸಿನಿಮಾಕ್ಕೆ ಬರುವವರಲ್ಲ. ಮದುವೆಯಾಗದ ಹುಡುಗಿಯರು ಆಟದ ಹೊತ್ತಿನಲ್ಲಿ ಮನೆಗಳಲ್ಲಿ ಕೂಸುಗಳನ್ನು ನೋಡಿಕೊಂಡಿರುತ್ತಿದ್ದರು. ಗಂಡ ಸತ್ತವರು ಟಾಕೀಸಿಗೆ ಬರಬಾರದೆಂಬ ಕಟ್ಟಳೆಯನ್ನು ಮೀರಿ ಬರುತ್ತಿದ್ದ ಗುರುಸಿದ್ದಜ್ಜಿಗೆ ಎರಡೂ ಕಣ್ಣಿಗೆ ಪೊರೆ. "ಗೇಟ್ ಕಿರ್ ಅಂದಿದ್ದು ಕೇಳಿಸ್ತು ಕಣ್ರವ್ವ. ಹೋದ್ಲೋ ಬಂದ್ಲೋ ನಂಗ್ ಕಾಣ್ಲಿಲ್ಲ" ಎಂದಳು. ಆ ಚಿತ್ರದ ಕೊನೆಯನ್ನು ಊರಿನ ಒಬ್ಬ ಹೆಂಗಸೂ ನೋಡಿರಲಿಲ್ಲ. ಯಾವ ಚಿತ್ರದ ಕೊನೆಯನ್ನೂ ನೋಡಿರಲಿಲ್ಲ ಎಂಬುದು ಅಲ್ಲಿ ನಿಂತಾಗಲೇ ನಮಗೆ ಹೊಳೆದದ್ದು. ಇಷ್ಟು ವರ್ಷ ಕೊನೆಗಳನ್ನೆಲ್ಲ ಗಂಡಂದಿರು ಹೇಳಿದ್ದರು, ನಾವು ಹೂಂಗುಟ್ಟಿದ್ದೆವು.

ಗಂಡಸರು ಈ ಸಲವೂ ಹೇಳಿದರು. "ವಾಪಸ್ ಬರ್ತಾಳೆ. ಅವನ ತಲೇನ ತೊಡೆ ಮೇಲಿಟ್ಕೊಂಡು ಅಳ್ತಾಳೆ. ಶುಭಂ" ಎಂದರು ಕೊಟ್ರಪ್ಪನವರು.

"ಸುಳ್ಳು" ಎಂದೆ.

"ನಾನ್ಯಾಕೆ ಸುಳ್ಳು ಹೇಳ್ಲಿ? ಹೋಗಿ ಎಲ್ಲಿರ್ತಾಳೆ ಹೇಳು?"

ನನಗೆ ಅವರ ಮಾತು ಬೇಕಿರಲಿಲ್ಲ. ನನ್ನ ಕಣ್ಣಿನಿಂದ ನೋಡಬೇಕಿತ್ತು. ಅವಳು ಹೋದಳು ಎಂದು ಒಂದು ಸಲ ನೋಡಿಬಿಟ್ಟರೆ ಸಾಕು, ಆಮೇಲೆ ನಾನೇನು ಮಾಡಬೇಕೆಂದು ನನಗೆ ಗೊತ್ತಾಗುತ್ತದೆ ಅನ್ನಿಸಿತ್ತು. ಬುಧವಾರ ಅವರನ್ನು ಕೇಳಿಕೊಂಡೆ. "ನಾಳೆ ಒಂದಿನ ಬಿಡ್ರೀ. ಒಂದು ಗಂಟೆ. ಕೊನೆ ನೋಡ್ತೀನಿ, ಅಷ್ಟೇ."

"ಅಷ್ಟಕ್ಕೆ ಯಾಕಿಷ್ಟು ಮುಖ ಸಣ್ಣ ಮಾಡ್ಕೊಂತೀಯ? ನಿನ್ನಾಣೆ, ನಾಳೆ ಮುಟ್ಟಲ್ಲ."

ಗುರುವಾರ ಇಂಟರ್‌ವಲ್ ಮುಗಿದು ಐದು ನಿಮಿಷ ನಾನು ನೆಟ್ಟಗಿದ್ದೆ. ರೈಲು ಪೂರ್ತಿ ಕಂಡಿತು. ಅಷ್ಟರಲ್ಲಿ ಗಂಟಲು ಸುಟ್ಟಿತು. ಸಂಜೆ ಅವರು ತಲೆ ತಗ್ಗಿಸಿಕೊಂಡು, "ಮರುಳಸಿದ್ದಯ್ನೋರು ಒಂದೇ ಒಂದು ಅಂತ ಬಲವಂತ ಮಾಡಿದ್ರು. ದೊಡ್ಡೋರು, ಬೇಡ ಅನ್ನೋಕಾಗುತ್ತಾ?" ಎಂದರು. ಅವರ ಕಣ್ಣಲ್ಲಿ ನೀರೂ ಇತ್ತು. ಅದು ನಾಟಕವಲ್ಲ. ನನ್ನ ಗಂಡನಿಗೆ ನನ್ನ ಮೇಲೆ ಪ್ರೀತಿ ಇತ್ತು ಎಂಬುದನ್ನು ಈಗಲೂ ನಾನು ಅಲ್ಲಗಳೆಯುವುದಿಲ್ಲ. ಆದರೆ ನನ್ನ ಒಂದು ಗಂಟೆ ಅವರಿಗೆ ಬೇಡವೆನ್ನಲಾಗದ ಒಂದು ಗ್ಲಾಸಿಗಿಂತ ಹಗುರವಾಗಿತ್ತು. ಶುಕ್ರವಾರ, ಶನಿವಾರ ಅವರು ಆಣೆಯನ್ನೂ ಹಾಕಲಿಲ್ಲ.

ಭಾನುವಾರ ಕೊನೆಯ ಆಟ. ಬೆಳಿಗ್ಗೆಯೇ ಮಹಬೂಬಣ್ಣನ ಮಿಷನ್ ಕೋಣೆಗೆ ಹೋದೆ.

"ಬನ್ನಿ ಟೀಚರಮ್ಮ" ಎಂದ. ಊರಲ್ಲಿ ಆ ಹೆಸರು ಹಿಡಿದು ಕರೆಯುವವನು ಅವನೊಬ್ಬನೇ ಉಳಿದಿದ್ದ. ವಿಷಯ ಕೇಳಿ, "ಅದಕ್ಯಾಕಮ್ಮ ಇಷ್ಟು ಒದ್ದಾಟ? ಎಷ್ಟು ಸಲ ಓಡ್ಸಿದೀನಿ ನಾನು. ಕೊನೇಲಿ ಅವಳು..."

"ಹೇಳ್ಬೇಡಿ!" ಎಂದು ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಅವನು ಹಿಂದಕ್ಕೆ ಸರಿದ. "ಬೇರೆಯೋರು ಹೇಳಿದ್ದೇ ಕೇಳಿಸ್ಕೊಂಡಿದೀನಿ ಇಷ್ಟು ದಿನ. ಒಂದು ಉಪಕಾರ ಮಾಡಿ ಮಹಬೂಬಣ್ಣ. ಇಂಟರ್‌ವಲ್ ಆದ್ಮೇಲಿಂದು ಮೊದಲು ಹಾಕಿ. ಮೊದಲನೇದು ಆಮೇಲೆ ಹಾಕಿ."

ಅವನು ತಲೆ ಕೆರೆದುಕೊಂಡ. "ಗಂಡಸ್ರು ಕುರ್ಚಿ ಮುರೀತಾರಮ್ಮ."

"ಮುರಿಯಲ್ಲ. ಅವರು ಮರ್ಯಾದಸ್ಥರು."

ಅವನು ನನ್ನ ಮುಖ ನೋಡಿದ. ರೀಲಿನ ಡಬ್ಬಿಗಳನ್ನು ಅದಲು ಬದಲು ಮಾಡಿ ಇಟ್ಟ.

ಆ ದಿನ ಹೆಂಗಸರ ಕಡೆ ನಿಲ್ಲಲೂ ಜಾಗವಿರಲಿಲ್ಲ. ಸುದ್ದಿಯನ್ನು ನಾನು ನಲ್ಲಿಯ ಹತ್ತಿರ ಮಾತ್ರ ಹೇಳಿದ್ದೆ. ದೀಪ ಆರಿತು. ಶುರುವಾದ ಕೂಡಲೇ ಗೇಟು, ರೈಲು, ಹೊಗೆ. ಗಂಡಸರ ಕಡೆ ಗಲಾಟೆಯಾಯಿತು. "ಏಯ್ ಮಹಬೂಬ, ರೀಲ್ ತಪ್ಪಿದೆ ಕಣೋ!" ಎಂದು ಕೂಗಿದರು, ಶಿಳ್ಳೆ ಹಾಕಿದರು, ಆಮೇಲೆ ನೋಡಿದ್ದೇ ಚಿತ್ರ ತಾನೇ ಎಂದು ಸುಮ್ಮನಾದರು. ನಾವು ನೂರು ಹೆಂಗಸರು ಬಿದಿರು ಹಿಡಿಯದೆ ಕೂತು, ಜೀವನದಲ್ಲಿ ಮೊದಲ ಸಲ ಒಂದು ಕಥೆಯ ಎರಡನೇ ಅರ್ಧ ನೋಡಿದೆವು.

ಅವಳು ರೈಲು ಹತ್ತಿದಳು. ಎಲ್ಲೋ ಒಂದು ಊರಿನಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡಳು. ಅಲ್ಲಿಯತನಕ ಸರ್ವಮಂಗಳ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ಆಮೇಲೆ ಯಾರೋ ಹಿರಿಯರು ಕೊಡೆ ಹಿಡಿದು ಬಂದು, ನಿನ್ನ ಗಂಡ ಹಾಳಾಗಿ ಹೋದ, ಅವನಿಗಿನ್ನು ಯಾರಿದ್ದಾರೆ ಎಂದರು. ಅವಳು ಮಿಷನ್ನಿಗೆ ಬಟ್ಟೆ ಮುಚ್ಚಿದಳು. ಅದೇ ಗೇಟು ಕಿರ್ ಎಂದಿತು. ಅವಳು ಅಷ್ಟೇ ನೆಟ್ಟಗೆ ನಡೆದು ಬಂದು, ಅಂಗಳದಲ್ಲಿ ಕುಡಿದು ಬಿದ್ದಿದ್ದವನ ಪಕ್ಕದಲ್ಲಿ ಕೂತು, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು. ಹಿಂದೆ ದಾಸವಾಳ. ಶುಭಂ.

ಗೋಡೆಯಾಚೆಯಿಂದ ಕೊಟ್ರಪ್ಪನವರು ಕತ್ತು ಚಾಚಿ ನನ್ನ ಕಡೆ ನೋಡಿದರು. "ನೋಡಿದ್ಯಾ? ಸುಳ್ಳು ಅಂದ್ಯಲ್ಲ!"

ಅವರು ಸುಳ್ಳು ಹೇಳಿರಲಿಲ್ಲ. ಅದೇ ನನ್ನ ಹೊಟ್ಟೆಗೆ ಬೆಂಕಿ ಹಾಕಿದ್ದು. ಆ ಹೆಂಗಸಿಗೆ ಏನಾಗಿತ್ತು? ಅವಳ ಕಾಲು ಅವಳದೇ, ತಲೆ ಅವಳದೇ. ಅವಳ ಗಂಡನ ಒಂದು ತೊಟ್ಟೂ ಅವಳ ಮೈಗೆ ಏರುತ್ತಿರಲಿಲ್ಲ. ಎಲ್ಲ ನೆಟ್ಟಗಿದ್ದವಳು ವಾಪಸ್ಸು ಬಂದಳು! ನೆಟ್ಟಗೆ ನಡೆಯಲು ಬಂದರೆ ಸಾಕು, ಎಂದೋ ಹೋಗಿರುತ್ತಿದ್ದೆ ಎಂದು ನಾನು ಇಪ್ಪತ್ತು ವರ್ಷದಿಂದ ಅಂದುಕೊಂಡಿದ್ದೆನಲ್ಲ, ಆ ಮಾತಿಗೇ ಅವಳು ಮಣ್ಣು ಹಾಕಿದಳು. ಅವಳನ್ನು ತೆರೆಯಿಂದ ಎಳೆದು ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಆ ಕಥೆ ಬರೆದವನನ್ನು, ಕೊಡೆ ಹಿಡಿದು ಬಂದ ಆ ಹಿರಿಯನನ್ನು, ಎಲ್ಲರನ್ನೂ.

ಬೆಲ್ ಹೊಡೆಯಿತು. ಗಂಡಸರು ನಗುತ್ತಾ ಅಂಗಡಿಗೆ ಹೋದರು. ಮಹಬೂಬಣ್ಣ ಚಿತ್ರದ ಮೊದಲ ಅರ್ಧ ಹಚ್ಚಿದ. ಈಗ ತೆರೆಯ ಮೇಲೆ ಮದುವೆಮನೆ. ಅದೇ ಹೆಂಗಸು, ಹತ್ತು ವರ್ಷ ಚಿಕ್ಕವಳಾಗಿ, ಬಾಸಿಂಗ ಕಟ್ಟಿಕೊಂಡು, ಕೈಯಲ್ಲಿ ಹಾರ ಹಿಡಿದು ನಾಚಿ ನಗುತ್ತಿದ್ದಳು.

"ಬ್ಯಾಡ ಕಣೇ!" ಎಂದು ಯಾರೋ ಕೂಗಿದರು. ನೋಡಿದರೆ ಸರ್ವಮಂಗಳ. ಎದ್ದು ನಿಂತಿದ್ದಳು. "ಹಾರ ಕೆಳಗಿಡೇ! ಏಳೇ ಮೇಲೆ!" ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ನೂರು ಹೆಂಗಸರು ಒಂದೇ ಸಮನೆ ಕೂಗತೊಡಗಿದರು. ಆ ಮೂರ್ಖಿ ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ. ನಗುನಗುತ್ತಾ ತಲೆ ಬಗ್ಗಿಸಿದಳು, ಅವನು ತಾಳಿ ಕಟ್ಟಿದ. ಮೊದಲ ಸಾಲಿನಲ್ಲಿ ಒಬ್ಬಳು ಆಗಲೇ ವಾಲಿದಳು. ಹಿಂದೆಯೇ ಇನ್ನಿಬ್ಬರು ಬಿದಿರಿಗೆ ಕೈ ಚಾಚಿದರು.

ನಾನು ಚಾಚಲಿಲ್ಲ. ಬಾಗಿಲು ದೂಡಿ ಬಿಸಿಲಿಗೆ ಬಂದೆ. ಬ್ರಾಂದಿ ಅಂಗಡಿಯ ಮುಂದೆಯೇ ಹಾದು ಹೋಗಬೇಕಿತ್ತು. ಕೊಟ್ರಪ್ಪನವರ ಗ್ಲಾಸು ಆಗತಾನೇ ತುಟಿಗೆ ಹೋಗುತ್ತಿತ್ತು. "ಎಲ್ಲಿಗೇ? ಕೂತ್ಕೋ ಹೋಗು, ಬೀಳ್ತೀಯ" ಎಂದರು, ನಿಜವಾದ ಕಾಳಜಿಯಿಂದ. ಹೇಳಿ, ಕುಡಿದರು.

ಶಾಲೆಯ ತನಕ ಕಾಲು ನನ್ನ ಮಾತು ಕೇಳಿದವು. ಊರಿನ ಕೊನೆಯ ಮನೆಯ ಹತ್ತಿರ ಬಿದ್ದೆ. ಎದ್ದೆ. ಸೇತುವೆಯ ಮೇಲೆ ಮತ್ತೆ ಬಿದ್ದೆ. ಮೊಣಕೈ ಕಿತ್ತುಹೋಯಿತು, ಸೆರಗು ಜಾರಿತು, ಎದುರು ಬಂದ ಗಾಡಿಯವನು ಥೂ ಎಂದು ಉಗಿದು ಹೋದ. ಉಗಿಯಲಿ. ನೆಟ್ಟಗೆ ನಡೆದೇ ಹೋಗಬೇಕು ಎಂದು ಯಾರು ಹೇಳಿದ್ದರು ನನಗೆ? ತೂರಾಡುತ್ತಲೂ ಹೋಗಬಹುದಿತ್ತು, ಇಪ್ಪತ್ತು ವರ್ಷ ಮುಂಚೆಯೇ. ನನ್ನ ಮೇಲೇ ನನಗೆ ಸಿಟ್ಟು ಬಂದು ರಸ್ತೆಯಲ್ಲಿ ಒಬ್ಬಳೇ ಬಾಯಿಗೆ ಬಂದದ್ದು ಬೈಯುತ್ತಾ ನಡೆದೆ. ಆರನೇ ಮೈಲಿಗಲ್ಲು ದಾಟಿದ ಮೇಲೆ ಒಂದು ಹುಣಸೆಮರದ ಕೆಳಗೆ ಅಮಲು ಇದ್ದಕ್ಕಿದ್ದಂತೆ ಬಿಟ್ಟುಹೋಯಿತು. ತಲೆ ತೊಳೆದಷ್ಟು ತಿಳಿಯಾಯಿತು. ಹೊತ್ತು ಇನ್ನೂ ಮುಳುಗಿರಲಿಲ್ಲ.

ಅದೇ ಹೊತ್ತಿಗೆ ಕೊಟ್ರಪ್ಪನವರು ನಾಲ್ಕನೇ ಗ್ಲಾಸು ಹಿಡಿದು ನಿಂತಿದ್ದವರು ನಿಂತಲ್ಲೇ ಕುಸಿದರು ಎಂದು ಆಮೇಲೆ ನನ್ನನ್ನು ನೋಡಲು ಬಂದ ಮಹಬೂಬಣ್ಣ ಹೇಳಿದ. ಅವರಿಗೆ ಅದು ಏನೆಂದೇ ತಿಳಿಯಲಿಲ್ಲವಂತೆ. ಭೂಮಿ ತಿರುಗ್ತಿದೆ, ಹಿಡ್ಕೊಳ್ರೋ ಎಂದು ಕೂಗಿದರಂತೆ. ಪಂಚೆ ಬಿಚ್ಚಿಹೋಯಿತಂತೆ. ಊರೆಲ್ಲ ಸುತ್ತ ನಿಂತು ಲೊಚಗುಟ್ಟಿತಂತೆ. ಕುಡಿದು ಬಿದ್ದ ಎಂದು ಒಬ್ಬನೂ ಅನ್ನಲಿಲ್ಲ. "ಪಾಪ, ಹೆಂಡ್ತಿ ಬಿಟ್ಟುಹೋದ ಸಂಕಟಕ್ಕೆ ಹೀಗಾದ" ಎಂದರಂತೆ. ನಾನು ತೂರಾಡಿದಾಗಲೂ ತಪ್ಪು ನನ್ನದು, ಅವರು ತೂರಾಡಿದಾಗಲೂ ತಪ್ಪು ನನ್ನದೇ!

ಈಗ ನಾನಿರುವ ಊರಿನಲ್ಲಿ ಒಂದು ಮನೆಯ ಜಗಲಿಯ ಮೇಲೆ ಹದಿನಾಲ್ಕು ಮಕ್ಕಳಿಗೆ ಪಾಠ ಹೇಳುತ್ತೇನೆ. ಮೊನ್ನೆ ಅಲ್ಲಿಗೆ ಮರುಳಸಿದ್ದಯ್ಯನವರು ಜೀಪು ಮಾಡಿಕೊಂಡು ಬಂದರು. ಜೀಪಿನಿಂದ ಇಳಿಯುವಾಗ ಬಾಗಿಲು ಹಿಡಿದುಕೊಂಡು ಹುಷಾರಾಗಿ ಕಾಲಿಟ್ಟರು. ಹಣೆಯ ಮೇಲೆ ಬ್ಯಾಂಡೇಜು ಇತ್ತು.

"ನಿಮ್ಮ ಕೆಲಸ ವಾಪಸ್ ಕೊಡ್ತೀವಿ ಹಾಲಮ್ನೋರೆ. ಕಮಿಟೀಲಿ ತೀರ್ಮಾನ ಆಗಿದೆ. ದಯವಿಟ್ಟು ಹೊರಡಿ."

"ನಮ್ಮೆಜಮಾನ್ರು ಕುಡಿಯೋದು ಬಿಟ್ಟಿದಾರಾ?"

ಹಿರಿಯರು ನೆಲ ನೋಡಿದರು. "ಅದನ್ನ ಹೆಂಗಮ್ಮ ಕೇಳೋದು ಗಂಡಸ್ರನ್ನ?"

"ಮತ್ತೆ ಯಾಕೆ ಬರ್ಲಿ?"

"ನಿಮ್ಮನ್ನ ನೋಡಿ ಉಳಿದೋರೂ ಹೊರಟ್ಬಿಟ್ಟಿದಾರಮ್ಮ. ಬೆಲ್ ಹೊಡೆದ್ರೆ ಸಾಕು, ಎದ್ದು ಹುಣಸೆಮರದ ದಾರಿ ಹಿಡೀತಾರೆ. ಬಿದ್ದು ಎದ್ದು ಹೋಗ್ತಾರೆ. ಸರ್ವಮಂಗಳ ಹೋದ್ಲು. ನಮ್ಮನೆಯೋಳೂ..." ಎಪ್ಪತ್ತು ವರ್ಷದ ಮನುಷ್ಯ ಮಕ್ಕಳ ಮುಂದೆ ಕೈ ಮುಗಿದು ನಿಂತು ಕೇಳಿದರು. "ಎಲ್ರೂ ಹೀಗೆ ಹೋದ್ರೆ, ನಾವು ಕುಡಿದಿದ್ದು ಯಾರಿಗಮ್ಮ ಏರ್ಬೇಕು?"

"ನಿಮಗೇ" ಎಂದು ಹೇಳಿ, ನಾನು ಮಕ್ಕಳ ಕಡೆ ತಿರುಗಿ ಮುಂದಿನ ಲೆಕ್ಕ ಬರೆದೆ.